ಸ್ಮರಣ ಸಂಚಿಕೆಗೆ ಫೋಟೊ ಹೊಂದಿಸಿದ ಲೆಕ್ಕ

ಶಿರಸಿ ಸೀಮೆಯ ನಮ್ಮ ಯಕ್ಷಗಾನ ಮಂಡಳಿಯ ಸ್ಮರಣ ಸಂಚಿಕೆಗೆ ಫೋಟೊ ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಂದಾಗ, ಮೊಬೈಲಿನಲ್ಲಿ ಚೆನ್ನಾಗಿ ಕಾಣುವ ಚಿತ್ರ ಕಾಗದದ ಮೇಲೂ ಚೆನ್ನಾಗಿಯೇ ಬರುತ್ತದೆಂದು ನಾನು ನಂಬಿದ್ದೆ. ಮುಖಪುಟಕ್ಕೆಂದು ಆರಿಸಿದ್ದ ಕೌರವನ ವೇಷದ ಫೋಟೊವನ್ನು ಮುದ್ರಣಾಲಯದವರು ಪುಟದ ಅಳತೆಗೆ ಹಿಗ್ಗಿಸಿ ತೋರಿಸಿದರು. ಕಿರೀಟದ ಮಣಿಗಳು ಒಂದರೊಳಗೊಂದು ಕರಗಿಹೋಗಿದ್ದವು, ಕಣ್ಣಿನ ಸುತ್ತಲಿನ ಬಣ್ಣದ ಗೆರೆ ಮೆಟ್ಟಿಲು ಮೆಟ್ಟಿಲಾಗಿತ್ತು. “ಹೆಗಡೇರೇ, ಇದು ಅಂಚೆಚೀಟಿಗೆ ಸಾಕು, ಮುಖಪುಟಕ್ಕೆ ಸಾಲೂದಿಲ್ಲ” ಎಂದರು.

ಆಮೇಲೆ ನಾನು ಕಲಿತದ್ದು ಒಂದು ಭಾಗಾಕಾರ: ಚಿತ್ರದಲ್ಲಿರುವ ಪಿಕ್ಸೆಲ್‌ಗಳನ್ನು, ಅಂದರೆ ಬಣ್ಣದ ಚುಕ್ಕಿಗಳನ್ನು, ಮುದ್ರಿಸುವ ಇಂಚುಗಳಿಂದ ಭಾಗಿಸುವುದು. ನುಣುಪು ಕಾಗದದ ಆಫ್‌ಸೆಟ್ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂಬುದು ರೂಢಿಯ ಅಳತೆ. ಎ4 ಮುಖಪುಟಕ್ಕೆ ಕತ್ತರಿಸಿಹೋಗುವ ಅಂಚೆಂದು ಪ್ರತಿ ಬದಿಗೂ 3 ಮಿ.ಮೀ. ಸೇರಿಸಿದರೆ ಸುಮಾರು 2551 × 3579 ಪಿಕ್ಸೆಲ್ ಆಗಬೇಕು. ವಾಟ್ಸಾಪಿನಲ್ಲಿ ಕುಗ್ಗಿ ನನ್ನ ಕೈಗೆ ಬಂದ ಕೌರವ 1200 × 1600 ಮಾತ್ರ ಇದ್ದ, ಅಂದರೆ ಇಂಚಿಗೆ 134. ಅದೇ ಫೋಟೊದ ಮೂಲ ಪ್ರತಿ ತೆಗೆದವರ ಫೋನಿನಲ್ಲಿಯೇ 3000 × 4000ದಷ್ಟಿತ್ತು. ಅದನ್ನು ‘ಡಾಕ್ಯುಮೆಂಟ್’ ಎಂದು ಕಳಿಸಲು ಹೇಳಿ ತರಿಸಿಕೊಂಡೆ, ಕೆಲಸ ಮುಗಿಯಿತು. ಅಂದಿನಿಂದ ಯಾರಿಗೇ ಫೋಟೊ ಕೇಳಿದರೂ ಈ ಮಾತನ್ನು ಮೊದಲೇ ಹೇಳುತ್ತೇನೆ.

ಇನ್ನೊಂದು ಗೊಂದಲ ಇಂಚಿಗೆ 72 ಪಿಕ್ಸೆಲ್ ಎಂಬ ಸಂಖ್ಯೆಯದು. ಕೆಲವು ಫೈಲುಗಳ ವಿವರದಲ್ಲಿ ಅದನ್ನು ಕಂಡು ಗಾಬರಿಗೊಂಡ ನಮ್ಮ ಡಿಟಿಪಿ ಹುಡುಗ, ಫೋಟೊ ತಿದ್ದುವ ತಂತ್ರಾಂಶದಲ್ಲಿ ‘ರೀಸ್ಯಾಂಪಲ್’ (ಪಿಕ್ಸೆಲ್‌ಗಳ ಸಂಖ್ಯೆಯನ್ನೇ ಬದಲಿಸುವ ಆಯ್ಕೆ) ಎಂಬುದರ ಗುರುತನ್ನು ತೆಗೆಯದೆಯೇ 300 ಎಂದು ಬರೆದುಬಿಟ್ಟ. 4000 ಪಿಕ್ಸೆಲ್ಲಿನ ಚಿತ್ರ 16,667 ಪಿಕ್ಸೆಲ್ಲಿಗೆ ಉಬ್ಬಿತು, ಕಂಪ್ಯೂಟರ್ ತಡವರಿಸಿತು, ವಿವರ ಮಾತ್ರ ಎಳ್ಳಷ್ಟೂ ಹೆಚ್ಚಲಿಲ್ಲ. ಆ ಗುರುತನ್ನು ತೆಗೆದು 300 ಎಂದು ಬರೆದರೆ ಪಿಕ್ಸೆಲ್‌ಗಳು ಇದ್ದಷ್ಟೇ ಇರುತ್ತವೆ, ಅವು ಎಷ್ಟು ಇಂಚಿಗೆ ಸಾಲುತ್ತವೆ ಎಂಬುದಷ್ಟೇ ತಿಳಿಯುತ್ತದೆ. ನನಗೆ ಬೇಕಾಗಿದ್ದುದೂ ಅದೇ.

ಕತ್ತರಿ ಹಾಕುವಾಗಲೂ ಈ ಲೆಕ್ಕ ಮರೆಯುವಂತಿಲ್ಲ. ಇಡೀ ರಂಗಸ್ಥಳ ಬಂದಿದ್ದ 4000 × 3000ದ ಚಿತ್ರದಿಂದ ಒಬ್ಬ ಸ್ತ್ರೀವೇಷಧಾರಿಯನ್ನಷ್ಟೇ ಬಿಡಿಸಿದಾಗ ಉಳಿದದ್ದು 900 × 1350. ಅದು 3 × 4.5 ಇಂಚಿಗೆ ಸರಿ, ಪೂರ್ಣ ಪುಟಕ್ಕಲ್ಲ.

ಹಳೆಯ ಕಪ್ಪು-ಬಿಳುಪು ಫೋಟೊಗಳು ಹೆಚ್ಚು ಸತಾಯಿಸಿದವು. 2.5 × 3.5 ಇಂಚಿನ ಪ್ರತಿಯನ್ನು 600ರಲ್ಲಿ ಸ್ಕ್ಯಾನ್ ಮಾಡಿದರೆ ಇಮ್ಮಡಿ ಅಳತೆಗೆ ಮುದ್ರಿಸಬಹುದು. 1200ರಲ್ಲಿ ಮಾಡಿ ನೋಡಿದಾಗ ನನಗೆ ಸಿಕ್ಕಿದ್ದು ಕಾಗದದ ತರಿ ಮಾತ್ರ. ಆದರೆ ನಮ್ಮ ಮಳೆಗಾಲದ ಥಂಡಿಗೆ ಎಷ್ಟೋ ಫೋಟೊಗಳು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದವು. ಒಂದನ್ನು ಎಬ್ಬಿಸಲು ಹೋಗಿ ಭಾಗವತರ ಮುಂಡಾಸಿನ ತುದಿಯನ್ನೇ ಕಿತ್ತೆ. ಉಳಿದವನ್ನು ಗಾಜಿನ ಸಮೇತ ಸ್ಕ್ಯಾನರಿನ ಮೇಲಿಟ್ಟರೆ ಮಸುಕಾಗಿ ಬಂದವು, ಏಕೆಂದರೆ ನನ್ನ ತೆಳು ಸ್ಕ್ಯಾನರು ತನ್ನ ಗಾಜಿಗೆ ತಾಗಿದ ಕಾಗದವನ್ನಷ್ಟೇ ಸ್ಪಷ್ಟವಾಗಿ ಕಾಣಬಲ್ಲದು. ಕೊನೆಗೆ ಅವನ್ನು ಜಗುಲಿಯಲ್ಲಿ ಬಿಸಿಲು ನೇರ ಬೀಳದ ಕಡೆ ಇಟ್ಟು, ಗಾಜಿನಲ್ಲಿ ನನ್ನ ಪ್ರತಿಬಿಂಬ ಮೂಡದಂತೆ ಕರಿ ಬಟ್ಟೆ ಹಿಡಿದು, ಸ್ಟ್ಯಾಂಡಿಗೆ ಕಟ್ಟಿದ ಕ್ಯಾಮೆರಾದಿಂದ ತೆಗೆದೆ.

ತೀರಿಹೋದ ಮದ್ದಲೆಗಾರರೊಬ್ಬರದು ಮಾತ್ರ ಯಾರದೋ ಹಳೆಯ ಮೊಬೈಲಿನ 640 × 480ರ ಚಿತ್ರವಷ್ಟೇ ಸಿಕ್ಕಿತು. ಮನೆಯವರು ಅರ್ಧ ಪುಟ ಕೇಳಿದ್ದರು. ಅದನ್ನು ಎರಡು ಇಂಚಿನ ಅಗಲಕ್ಕೇ ನಿಲ್ಲಿಸಿ, ಅವರ ಕುರಿತ ಲೇಖನದ ಮೊದಲ ಸಾಲಿನ ಪಕ್ಕದಲ್ಲಿ ಇಟ್ಟೆ. ಅಷ್ಟು ಚಿಕ್ಕದರಲ್ಲಿಯೂ ಮದ್ದಲೆಯ ಬಾರುಗಳನ್ನು ಎಣಿಸಬಹುದಿತ್ತು.