ಮೊದಲು ತಮಟೆ, ಆಮೇಲೆ ಶವಾಸನ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮ್ಯಾಟೊ ಮಂಡಿಗೆ ಲೆಕ್ಕ ಬರೆಯುವವನು ನಾನು. 15 ಕೆಜಿಯ ಒಂದು ಬಾಕ್ಸ್ 2023ರ ಜುಲೈನಲ್ಲಿ 2,000 ರೂಪಾಯಿ ದಾಟಿದ್ದನ್ನು ನೋಡಿದ್ದೇನೆ. ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಪಕ್ಕ ಸುರಿದು ಹೋದವರನ್ನೂ ನೋಡಿದ್ದೇನೆ. ದರ ಏರಲಿ, ಇಳಿಯಲಿ, ಬೈಗುಳ ಮಾತ್ರ ಲೆಕ್ಕದವನಿಗೆ.

ಸಂಜೆ ಮನೆಗೆ ಬಂದು ಊಟಕ್ಕೆ ಕೂತರೆ ದವಡೆ ನೋಯುತ್ತಿತ್ತು. ಇಡೀ ದಿನ ಹಲ್ಲು ಕಚ್ಚಿಕೊಂಡೇ ಇದ್ದೆ ಅಂತ ಆಗ ಗೊತ್ತಾಗುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರ. ಕಣ್ಣು ಬಿಟ್ಟ ಕೂಡಲೇ ಯಾವ ಲಾರಿಗೆ ಎಷ್ಟು ಬಾಕ್ಸ್ ಹೋಯಿತು ಅಂತ ತಲೆಯಲ್ಲಿ ಲೆಕ್ಕ ಶುರು. ಡಾಕ್ಟರ್ ಬಿಪಿ ನೋಡಿ, "ಈಗಲೇ ಮಾತ್ರೆ ಬೇಡ, ಯೋಗಕ್ಕೆ ಸೇರಿಕೊಳ್ಳಿ" ಅಂದರು.

ಸೇರಿದೆ. ಆಸನಗಳೇನೋ ಸರಿ, ಕೊನೆಯ ಶವಾಸನವೇ ನನಗೆ ಶಿಕ್ಷೆ. ಮೈ ಚಾಪೆ ಮೇಲೆ, ತಲೆ ಮಂಡಿಯಲ್ಲಿ. ಸುಮ್ನೆ ಮಲಗಿದಷ್ಟೂ ಯೋಚನೆ ಜಾಸ್ತಿ. ಪಕ್ಕದವರು ಗೊರಕೆ ಹೊಡೆಯುತ್ತಿದ್ದರೆ ನಾನು ಬಾಕಿ ಎಣಿಸುತ್ತಿದ್ದೆ. ಎರಡೇ ತಿಂಗಳಲ್ಲಿ ಬಿಟ್ಟುಬಿಟ್ಟೆ.

ಒಂದು ಭಾನುವಾರ ಮಗಳ ಜೊತೆ ಅಂತರಗಂಗೆ ಬೆಟ್ಟಕ್ಕೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗ ಏದುಸಿರು, ಅಂಗಿ ಒದ್ದೆ. ಬಸವನ ಬಾಯಿಂದ ನೀರು ಬೀಳುತ್ತದಲ್ಲ, ಅಲ್ಲಿ ಕಲ್ಲಿಗೆ ಒರಗಿ ಕೂತೆ. ಕೋತಿಯೊಂದು ನಮ್ಮ ಬಾಳೆಹಣ್ಣಿನ ಚೀಲವನ್ನೇ ಕಿತ್ತುಕೊಂಡು ಹೋಯಿತು. ನನಗೆ ಸಿಟ್ಟು ಬರಲಿಲ್ಲ! ಎಷ್ಟೋ ದಿನಗಳ ಮೇಲೆ ತಲೆ ಖಾಲಿಯಾಗಿತ್ತು. ಓಹೋ, ನನ್ನಂಥವನಿಗೆ ಮೊದಲು ಬೆವರು ಬೇಕು, ಆಮೇಲೆ ವಿಶ್ರಾಂತಿ ಅನ್ನಿಸಿದ್ದು ಅವತ್ತು.

ದಿನಾ ಬೆಟ್ಟ ಹತ್ತಲು ಆಗುತ್ತದೆಯೇ? ದಾರಿ ತೋರಿಸಿದ್ದು ನಮ್ಮ ಮಂಡಿಯ ಹಮಾಲಿ ಒಬ್ಬರು. ಜಾತ್ರೆ ಬಂದರೆ ಅವರು ತಮಟೆ ತಂಡದಲ್ಲಿ ಇರುತ್ತಾರೆ. "ಬನ್ನಿ ಸಾರ್, ನಾಲ್ಕು ಹೆಜ್ಜೆ ಹೇಳ್ಕೊಡ್ತೀನಿ. ಆ ಕೋಪ ಎಲ್ಲಾ ಕಾಲಲ್ಲಿ ಇಳಿದೋಗ್ಲಿ" ಅಂದರು. ತಮಟೆ ಅಂದರೆ ಸಾವಿಗೆ ಬಡಿಯೋದು ಅಂತ ಮೂಗು ಮುರಿಯುವವರು ನನ್ನ ಮನೆಯಲ್ಲೇ ಇದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ತಮಟೆಗೆ ಅಂತ ಹೇಳಿದ ಮೇಲೆ ಮಾತು ನಿಂತಿತು. ಮುಖ ಸಡಿಲವಾಗಲು ಇನ್ನೊಂದು ತಿಂಗಳು ಹಿಡಿಯಿತು, ಅದು ಬೇರೆ ವಿಷಯ.

ಈಗ ಸಂಜೆ ಆರೂವರೆಗೆ, ಊಟಕ್ಕೆ ಮೊದಲು, ತಾರಸಿಗೆ ಹೋಗುತ್ತೇನೆ. ಹಮಾಲಿ ಅಣ್ಣನ ಬಡಿತವನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಮೊದಲ ಎರಡು ಮೂರು ನಿಮಿಷ ನಿಧಾನ: ಹೆಗಲು ತಿರುಗಿಸುವುದು, ಪಾದ ತಿರುಗಿಸುವುದು. ತಮಟೆಯನ್ನೂ ಬೆಂಕಿಗೆ ಹಿಡಿದು ಕಾಯಿಸಿದ ಮೇಲೇ ಬಡಿಯುತ್ತಾರೆ, ಅಲ್ವಾ? ಆಮೇಲೆ ಹತ್ತು ನಿಮಿಷ ಕುಣಿತ. ಮಂಡಿ ಸ್ವಲ್ಪ ಬಗ್ಗಿಸಿ, ಮುಂದೆ ಎರಡು ಹೆಜ್ಜೆ, ಹಿಂದೆ ಎರಡು, ಒಂದು ಸುತ್ತು. ಕೈ ಬೀಸುವುದು ನನ್ನಿಷ್ಟ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರು ಸಾಕು. ಮೊದಲ ದಿನ ಸದ್ದು ಕೇಳಿ ಕೆಳಗಿನ ಮನೆಯ ಅಜ್ಜಿ, "ಯಾರಪ್ಪಾ ಹೋಗಿದ್ದು?" ಅಂತ ಕೇಳಿಕೊಂಡು ಮೇಲೆ ಬಂದಿದ್ದರು.

ಆಮೇಲಿನ ಮೂರು ನಾಲ್ಕು ನಿಮಿಷವನ್ನು ಮೊದಮೊದಲು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕುಣಿದವನು ಹಾಗೇ ಧೊಪ್ಪನೆ ಮಲಗುತ್ತಿದ್ದೆ. ಎದೆ ಬಡಿತ ಕಿವಿಯಲ್ಲಿ ಕೇಳಿಸುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಒಮ್ಮೆ ಎದ್ದು ನಿಲ್ಲುವಾಗ ಕಣ್ಣು ಕತ್ತಲೆ ಬಂದು ನೀರಿನ ಟ್ಯಾಂಕ್ ಹಿಡಿದುಕೊಂಡೆ. ಜೋರಾಗಿ ಕುಣಿಯುವಾಗ ಕಾಲಿನ ರಕ್ತನಾಳ ಹಿಗ್ಗಿರುತ್ತದೆ, ಅದು ಮೊದಲಿನಂತಾಗುವ ಮುಂಚೆ ಎದ್ದು ನಿಂತರೆ ರಕ್ತ ಕಾಲಿಗೆ ಇಳಿದು ತಲೆಗೆ ಕಡಿಮೆಯಾಗುತ್ತದೆ. ಈಗ ತಾರಸಿ ಮೇಲೆ ಸುಮ್ನೆ ಅಡ್ಡಾಡುತ್ತೇನೆ. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಲು ಆರಾಮಾಗುವವರೆಗೆ ಮಲಗುವುದಿಲ್ಲ.

ಮಲಗುವ ಯೋಗಕ್ಕೆ ನನ್ನ ಸಾಮಾನು ಎರಡು ಖಾಲಿ ಟೊಮ್ಯಾಟೊ ಕ್ರೇಟ್, ಒಂದು ಕಂಬಳಿ, ಎರಡು ದಿಂಬು, ಒಂದು ಟವೆಲ್. ನಗಬೇಡಿ. ಕಂಬಳಿ, ದಿಂಬು, ಕುರ್ಚಿ, ಗೋಡೆ ಇಟ್ಟುಕೊಂಡು ಆಸನ ಮಾಡುವುದನ್ನು ಜಗತ್ತಿಗೆಲ್ಲ ಕಲಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಹುಟ್ಟಿದ್ದು 1918ರಲ್ಲಿ, ನಮ್ಮ ಜಿಲ್ಲೆಯ ಬೆಳ್ಳೂರಿನಲ್ಲೇ. ಚಿಕ್ಕಂದಿನಲ್ಲಿ ಕ್ಷಯ, ಟೈಫಾಯಿಡ್ ಎಲ್ಲ ಅನುಭವಿಸಿದ ಮೈ ಅವರದು. ಮೈಗೆ ಆಸರೆ ಕೊಡಿ ಅನ್ನುವವರಿಗೆ ಬೇನೆ ಗೊತ್ತಿರಬೇಕು ಅಂತ ನನ್ನ ಎಣಿಕೆ.

ಕ್ರೇಟುಗಳನ್ನು ಒಂದರ ಮೇಲೊಂದು ಬೋರಲು ಹಾಕಿ, ಮೇಲೆ ದಿಂಬಿಟ್ಟು, ಮೀನಖಂಡ ಅದರ ಮೇಲೆ ಬರುವ ಹಾಗೆ ಅಂಗಾತ ಮಲಗುತ್ತೇನೆ. ಸೊಂಟ ನೆಲಕ್ಕೆ ಪೂರ್ತಿ ಅಂಟುತ್ತದೆ. ಎಂಟು ನಿಮಿಷ. ಗೋಡೆಗೆ ಕಾಲು ಚಾಚುವ ವಿಪರೀತ ಕರಣಿಯನ್ನೂ ಮಾಡಿ ನೋಡಿದೆ. ನನ್ನ ತೊಡೆಯ ಹಿಂಭಾಗ ಬಿಗಿ, ನನಗೆ ಕ್ರೇಟೇ ವಾಸಿ. ನಂತರ ಮಂಡಿ ಕೆಳಗೆ ದಿಂಬು, ಕಣ್ಣ ಮೇಲೆ ಟವೆಲ್, ಶವಾಸನ ಹತ್ತು ನಿಮಿಷ. ಬೆವರಿದ ಮೈ ಬೇಗ ತಣ್ಣಗಾಗುತ್ತದೆ, ಚಳಿ ಹತ್ತಿದರೆ ಮೈ ಮತ್ತೆ ಬಿಗಿಯಾಗುತ್ತದೆ. ಅದಕ್ಕೇ ಕಂಬಳಿ ಹೊದಿಕೆಗೆ. ಉಸಿರು ಎಳೆಯುವುದಕ್ಕಿಂತ ಬಿಡುವುದು ಉದ್ದ, ಎಣಿಕೆಯಲ್ಲಿ ನಾಲ್ಕಕ್ಕೆ ಆರು. ಉಸಿರು ಬಿಡುವಾಗ ಎದೆ ಬಡಿತ ತುಸು ನಿಧಾನವಾಗುತ್ತದೆ. ನಾಡಿ ಹಿಡಿದು ನೋಡಿದರೆ ನಿಮಗೂ ಸಿಕ್ಕಬಹುದು. ಏಳುವಾಗ ಬಲಕ್ಕೆ ಹೊರಳಿ, ಸ್ವಲ್ಪ ಕೂತು, ಆಮೇಲೆ ನಿಲ್ಲುವುದು.

ಮೊದಲಿನ ಹಾಗೇ ಮಲಗುತ್ತೇನೆ, ಈಗ ಮಾತ್ರ ತಲೆ ಓಡುವುದಿಲ್ಲ, ಯಾಕೆ? ಸಿಟ್ಟು ಬಂದಾಗ, ಹೆದರಿದಾಗ ಮೈ ಓಡಲಿಕ್ಕೋ ಹೊಡೆದಾಡಲಿಕ್ಕೋ ತಯಾರಾಗುತ್ತದೆ. ಮಂಡಿಯಲ್ಲಿ ಎರಡೂ ಆಗುವುದಿಲ್ಲ. ಕುರ್ಚಿಯಲ್ಲೇ ಕೂತು ಬಿಲ್ ಬರೆಯಬೇಕು. ಆ ತಯಾರಿ ಖರ್ಚಾಗದೆ ಹೆಗಲಲ್ಲಿ, ದವಡೆಯಲ್ಲಿ ಉಳಿಯುತ್ತದೆ. ಕುಣಿತದಲ್ಲಿ ಅದು ಖರ್ಚಾಗುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಒಮ್ಮೆ ಸೀಜನ್ ಜೋರಿದ್ದಾಗ ರಾತ್ರಿ ಹತ್ತಕ್ಕೆ ಕುಣಿದೆ, ನಡುರಾತ್ರಿ ಒಂದರವರೆಗೂ ನಿದ್ದೆ ಇಲ್ಲ. ಮುದ್ದೆ ಉಂಡು ಕುಣಿದ ದಿನದ ಕಥೆ ಬೇಡ ಬಿಡಿ. ಹೃದಯದ ತೊಂದರೆ, ಜಾಸ್ತಿ ಬಿಪಿ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕಣ್ಣಿನ ಗ್ಲಾಕೋಮಾ ಇದ್ದವರು ಕಾಲು ಮೇಲೆತ್ತುವ ಮೊದಲೂ ಕೇಳಿ.

ಮೂರರ ಎಚ್ಚರ ಪೂರ್ತಿ ಹೋಗಿಲ್ಲ, ವಾರಕ್ಕೆ ಒಂದೆರಡು ಸಲ ಆಗುತ್ತದೆ. ದವಡೆ ನೋವು ಮಾತ್ರ ಇಲ್ಲ. ತೀರಾ ಹೊತ್ತಾದ ದಿನ ಕುಣಿತ ಬಿಟ್ಟು, ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಿರುಸಾಗಿ ನಡೆದು ಬರುತ್ತೇನೆ. ಆದರೆ ಕ್ರೇಟಿನ ಮೇಲೆ ಕಾಲಿಡದೆ ಊಟಕ್ಕೆ ಕೂರುವುದಿಲ್ಲ. ಅಡುಗೆಮನೆಯಿಂದ ಹೆಂಡತಿ, "ನಿಮ್ಮ ಟೊಮ್ಯಾಟೊ ಹಣ್ಣಾಯ್ತಾ, ಏಳ್ತೀರಾ?" ಅಂತ ಕೂಗುವವರೆಗೂ ಅಲ್ಲೇ.