ಸೂಪರ್ ಮಾರಿಯೋ ವರ್ಲ್ಡ್: ಸೇವ್ ಉಳಿಯದಿದ್ದಾಗ ಮಾಡಿದ ರಿಪೇರಿ

ಆಟ ಚೆನ್ನಾಗೇ ಓಡುತ್ತಿತ್ತು, ಆದರೆ ಪವರ್ ಆಫ್ ಮಾಡಿದೊಡನೆ ಮೂರೂ ಸೇವ್ ಫೈಲ್ ಖಾಲಿ. ಸೂಪರ್ ನಿಂಟೆಂಡೊ ಕನ್ಸೋಲ್‌ಗೆ ಬಂದ 1990ರ ಈ ಆಟದ ಸೇವ್ ಕೂರುವುದು ಕಾರ್ಟ್ರಿಡ್ಜ್ ಒಳಗಿನ ಕರೆಂಟ್ ಇರುವವರೆಗಷ್ಟೇ ನೆನಪಿಟ್ಟುಕೊಳ್ಳುವ 2 ಕಿಲೋಬೈಟ್ ಎಸ್‌ರ‍್ಯಾಮ್ ಚಿಪ್‌ನಲ್ಲಿ. ಕನ್ಸೋಲ್ ಆಫ್ ಇದ್ದಾಗ ಆ ಚಿಪ್‌ಗೆ ಕರೆಂಟ್ ಕೊಡುವುದು 3 ವೋಲ್ಟ್‌ನ ಸಿಆರ್2032 ಬ್ಯಾಟರಿ, ಅದು ಸತ್ತಿತ್ತು.

ಕವಚದ ಎರಡು ಸ್ಕ್ರೂಗಳಿಗೆ 3.8 ಮಿ.ಮೀ. ಗೇಮ್‌ಬಿಟ್ (ಇಂಥ ಸ್ಕ್ರೂಗಳಿಗೆಂದೇ ಇರುವ ಸ್ಕ್ರೂಡ್ರೈವರ್ ತುದಿ) ಬೇಕು. ಪ್ಲಾಸ್ಟಿಕ್ ಪೆನ್ನು ಕರಗಿಸಿ ತಿರುಗಿಸುವ ಉಪಾಯ ನಂಬಬೇಡಿ, ತುಂಡು ಒಳಗೇ ಉಳಿದರೆ ತಲೆನೋವು.

ಹೊಸ ಬ್ಯಾಟರಿ ಟ್ಯಾಬ್ (ಬೆಸುಗೆ ಹಾಕಲು ಅಂಟಿಸಿದ ಲೋಹದ ಪಟ್ಟಿ) ಇರುವುದೇ ಆಗಿರಲಿ. ಬರೀ ಬ್ಯಾಟರಿಯ ಮೈಗೆ ಬೆಸುಗೆ ಹಾಕಿದರೆ ಬಿಸಿಗೆ ಸೀಲ್ ಹಾಳಾಗುತ್ತದೆ, ಸಿಡಿಯಲೂಬಹುದು. ಪ್ಲಸ್ ಬದಿ ಯಾವುದೆಂದು ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಬೆಸುಗೆ ಬೇಗ ಕರಗದು. ಫ್ಲಕ್ಸ್ (ಬೆಸುಗೆ ಸಲೀಸಾಗಿ ಹರಿಯಲು ಹಚ್ಚುವ ಪೇಸ್ಟ್) ಹಚ್ಚಿ, ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ, 350 ಡಿಗ್ರಿ ಸೆಲ್ಸಿಯಸ್‌ನ ಸೋಲ್ಡರಿಂಗ್ ಐರನ್ ಇಟ್ಟರೆ ಸಡಿಲವಾಗುತ್ತದೆ. ಕರಗುವ ಮುನ್ನ ಎಳೆದರೆ ಬೋರ್ಡಿನ ಪ್ಯಾಡೇ (ಬೆಸುಗೆ ಕೂರುವ ತಾಮ್ರದ ತುಣುಕು) ಕಿತ್ತುಬರುತ್ತದೆ.

ಎಸ್‌ರ‍್ಯಾಮ್ ಪಿನ್‌ನಲ್ಲಿ ಬ್ಯಾಟರಿಗಿಂತ ತುಸು ಕಡಿಮೆ ವೋಲ್ಟೇಜ್ ಕಂಡರೆ ಗಾಬರಿ ಬೇಡ, ನಡುವೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದೆ, ಅದು ಸ್ವಲ್ಪ ವೋಲ್ಟೇಜ್ ತಿನ್ನುತ್ತದೆ.

ಪರೀಕ್ಷೆಗೆ ಆಟದ ಆರಂಭದಲ್ಲೇ ಸಿಗುವ ಹಳದಿ ಸ್ವಿಚ್ ಪ್ಯಾಲೇಸ್ ಹಂತ ಸಾಕು. ಮಾಮೂಲಿ ಹಂತ ಮುಗಿಸಿ ಸೇವ್ ಆಗಲಿಲ್ಲವೆಂದು ಮತ್ತೆ ಬಿಚ್ಚಬೇಡಿ: ಸ್ವಿಚ್ ಪ್ಯಾಲೇಸ್, ಕೋಟೆ, ಭೂತದ ಮನೆಗಳ ನಂತರವೇ ಆಟ ಸೇವ್ ಕೇಳುವುದು.