ತಾರೆ ಅನಿಲತಟ್ಟೆಯನ್ನು ತೂರುವ ಲೆಕ್ಕವನ್ನು ತರಗತಿಯಲ್ಲಿ ಮಾಡಿಸುವ ಬಗೆ

ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ ಕಪ್ಪುಕುಳಿಯನ್ನು ಸುತ್ತುವ ತಾರೆಯೊಂದು ಆ ಕುಳಿಯ ಸುತ್ತಲೇ ತಿರುಗುವ ಅನಿಲದ ತಟ್ಟೆಯನ್ನು ತೂರಿಹೋಗುವುದನ್ನು ಬರಿಯ ಚಿತ್ರಗಳಿಂದ ವಿವರಿಸುವುದಕ್ಕಿಂತ ಕರಿಹಲಗೆಯ ಮೇಲೆ ಒಂದು ಲೆಕ್ಕ ಬಿಡಿಸುವುದು ಮೇಲು.

ಸೂರ್ಯನ 10 ಲಕ್ಷ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಯನ್ನು ಆರಿಸಿಕೊಳ್ಳಿ. ಅದರ ಗುರುತ್ವ ತ್ರಿಜ್ಯ (ದ್ರವ್ಯರಾಶಿಯಿಂದ ಲೆಕ್ಕಹಾಕುವ ಉದ್ದದ ಅಳತೆ, GM/c²) ಸುಮಾರು 15 ಲಕ್ಷ ಕಿ.ಮೀ. ಅದರ 100 ಪಟ್ಟು ದೂರದಲ್ಲಿ ವೃತ್ತಾಕಾರವಾಗಿ ಸುತ್ತುವ ತಾರೆಯ ವೇಗ ಬೆಳಕಿನ ವೇಗದ ಹತ್ತನೆಯ ಒಂದು ಭಾಗ, ಅಂದರೆ ಸೆಕೆಂಡಿಗೆ 30,000 ಕಿ.ಮೀ. ಇರುತ್ತದೆ, ಒಂದು ಸುತ್ತಿಗೆ ಎಂಟೂವರೆ ಗಂಟೆ ಸಾಕು. ಕಕ್ಷೆ ತಟ್ಟೆಗೆ ಓರೆಯಾಗಿದ್ದರೆ ತಾರೆ ಪ್ರತಿ ಸುತ್ತಿನಲ್ಲೂ ಎರಡು ಸಲ, ಎಂದರೆ ನಾಲ್ಕು ಗಂಟೆಗಳಿಗೆ ತುಸು ಹೆಚ್ಚು ಅಂತರದಲ್ಲಿ, ಅನಿಲವನ್ನು ತೂರಿಹೋಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಬಳಿಕ ಪರಿಣಾಮಗಳಿಗೆ ಬನ್ನಿ. ತೂರುವಾಗ ಎದ್ದ ಆಘಾತ ತರಂಗದಿಂದ ಕಾದ ಅನಿಲವು ತಟ್ಟೆಯ ಎರಡೂ ಬದಿಗೆ ಚಿಮ್ಮಿ ಹೊಳೆಯುತ್ತದೆ. ಜಿಎಸ್‌ಎನ್ 069 ಎಂಬ ಗ್ಯಾಲಕ್ಸಿಯಲ್ಲಿ ಸುಮಾರು ಒಂಬತ್ತು ಗಂಟೆಗೊಮ್ಮೆ ಕಾಣುವ ಎಕ್ಸ್-ರೇ ಸ್ಫೋಟಗಳಿಗೆ ಸೂಚಿಸಲಾದ ವಿವರಣೆಗಳಲ್ಲಿ ಇದೂ ಒಂದು. ಅನಿಲದ ಎಳೆತದಿಂದ ಕಕ್ಷೆಯ ಓರೆ ಕ್ರಮೇಣ ತಗ್ಗಿ, ತಾರೆ ತಟ್ಟೆಯೊಳಗೇ ಸಿಲುಕಬಹುದು. ಮಕ್ಕಳು ಸಾಮಾನ್ಯವಾಗಿ ತಾರೆ ಕೂಡಲೇ ಕುಳಿಗೆ ಬೀಳುತ್ತದೆಂದು ಭಾವಿಸುವುದರಿಂದ ಇಲ್ಲಿ ಅವಸರ ಬೇಡ.

ಆಕಾಶ ತೋರಿಸುವುದಿದ್ದರೆ ಮಳೆಗಾಲಕ್ಕೆ ಕಾಯಬಾರದು. ವಿಷುವಿನ ಆಸುಪಾಸಿನಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಧನು ರಾಶಿಯತ್ತ, ದಕ್ಷಿಣದಲ್ಲಿ ದಿಗಂತದಿಂದ ಸುಮಾರು 48 ಡಿಗ್ರಿ ಎತ್ತರಕ್ಕೆ, ಬೊಟ್ಟುಮಾಡಿದರೆ ಅದೇ ಆಕಾಶಗಂಗೆಯ ಕೇಂದ್ರದ ದಿಕ್ಕು. ಅಲ್ಲಿನ ಕಪ್ಪುಕುಳಿಗೆ ಈಗ ದಟ್ಟವಾದ ತಟ್ಟೆಯಿಲ್ಲ ಎಂಬುದನ್ನು ಮಾತ್ರ ಮರೆಯದೆ ಹೇಳಿ.